ಜೆಟ್ ದೋಣಿಯ ಇಂಪೆಲರ್ ಆಯ್ಕೆ

ಜೆಟ್ ದೋಣಿಯ ಇಂಪೆಲರ್ ಎಂದರೆ ದೋಣಿಯ ಪಂಪಿನೊಳಗೆ ತಿರುಗುತ್ತ, ತಳದಿಂದ ನೀರನ್ನು ಹೀರಿ ಹಿಂಬದಿಯ ನಳಿಕೆಯ ಮೂಲಕ ರಭಸದಿಂದ ಹೊರದೂಡುವ ರೆಕ್ಕೆಗಳುಳ್ಳ ಚಕ್ರ. ಹಿಂದಕ್ಕೆ ಚಿಮ್ಮುವ ನೀರಿನ ಪ್ರತಿಕ್ರಿಯೆಯಿಂದ ದೋಣಿ ಮುಂದಕ್ಕೆ ಸಾಗುತ್ತದೆ. ಈ ಚಕ್ರದ ಗಾತ್ರವು ಎಂಜಿನ್ನಿನ ಸಾಮರ್ಥ್ಯಕ್ಕೆ ಹೊಂದಿಕೆಯಾಗದಿದ್ದರೆ ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ಕೊಡಲಾರದು, ಅಥವಾ ಮಿತಿ ಮೀರಿ ತಿರುಗಿ ಬೇಗ ಸವೆಯುತ್ತದೆ. ಆದುದರಿಂದ ಇಂಪೆಲರಿನ ಆಯ್ಕೆಯು ಜೆಟ್ ದೋಣಿಯ ವಿನ್ಯಾಸದಲ್ಲಿಯೂ ದುರಸ್ತಿಯಲ್ಲಿಯೂ ಮುಖ್ಯವಾದ ವಿಷಯವಾಗಿದೆ.

ಹಿನ್ನೆಲೆ

ಆಧುನಿಕ ಜೆಟ್ ದೋಣಿಯನ್ನು ಬಳಕೆಗೆ ತಂದ ಶ್ರೇಯಸ್ಸು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ (1899–1978) ಅವರಿಗೆ ಸಲ್ಲುತ್ತದೆ. ದಕ್ಷಿಣ ದ್ವೀಪದ ನದಿಗಳು ಹಲವು ಕವಲುಗಳಾಗಿ, ಉರುಟುಕಲ್ಲುಗಳ ಮೇಲೆ ತೆಳುವಾಗಿ ಹರಿಯುತ್ತವೆ. ಅಲ್ಲಿ ಸಾಮಾನ್ಯ ದೋಣಿಯ ಪ್ರೊಪೆಲರ್ ಕಲ್ಲಿಗೆ ಬಡಿದು ಮುರಿಯುತ್ತಿತ್ತು. ಹ್ಯಾಮಿಲ್ಟನ್ ಅವರು 1950ರ ದಶಕದಲ್ಲಿ, ನೀರು ಹೊರಬೀಳುವ ನಳಿಕೆಯನ್ನು ದೋಣಿಯ ಅಡಿಯಿಂದ ತೆಗೆದು ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಇರಿಸಿದರು. ಇದರಿಂದ ದೋಣಿಯ ತಳದಲ್ಲಿ ಹೊರಚಾಚಿದ ಭಾಗವೇ ಇಲ್ಲದಂತಾಯಿತು, ವೇಗವೂ ಹೆಚ್ಚಿತು. 1960ರಲ್ಲಿ ಇಂತಹ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಕೊಲೊರಾಡೊ ನದಿಯ ಪ್ರವಾಹಕ್ಕೆ ಎದುರಾಗಿ ಸಾಗಿದವು. 1977ರಲ್ಲಿ ಸರ್ ಎಡ್ಮಂಡ್ ಹಿಲರಿ ಅವರ ತಂಡವು ಮೂರು ಜೆಟ್ ದೋಣಿಗಳಲ್ಲಿ ಬಂಗಾಳ ಕೊಲ್ಲಿಯಿಂದ ಗಂಗಾ ನದಿಯ ಮೇಲ್ಮುಖವಾಗಿ ಹೊರಟು, ಅಲಕನಂದಾ ನದಿಯಲ್ಲಿ ನಂದಪ್ರಯಾಗದ ಸಮೀಪ ಜಲಪಾತವೊಂದು ಎದುರಾಗುವವರೆಗೆ ಪಯಣಿಸಿತು.

ಪ್ರೊಪೆಲರಿಗೂ ಇಂಪೆಲರಿಗೂ ಇರುವ ವ್ಯತ್ಯಾಸ

ಪ್ರೊಪೆಲರ್ ತೆರೆದ ನೀರಿನಲ್ಲಿ ತಿರುಗುತ್ತದೆ. ದೋಣಿಯ ವೇಗ, ಅದರಲ್ಲಿರುವ ಭಾರ, ಎದುರು ಪ್ರವಾಹ ಇವುಗಳಿಗೆ ಅನುಸಾರವಾಗಿ ಎಂಜಿನ್ನಿನ ಮೇಲಿನ ಹೊರೆ ಬದಲಾಗುತ್ತದೆ. ಇಂಪೆಲರ್ ಮುಚ್ಚಿದ ಕವಚದೊಳಗೆ ತಿರುಗುವುದರಿಂದ ಅದರ ಹೊರೆಯು ಮುಖ್ಯವಾಗಿ ಸುತ್ತುವಿಕೆಯ ವೇಗವನ್ನೇ ಅವಲಂಬಿಸಿದೆ. ದೋಣಿಯಲ್ಲಿ ಇಬ್ಬರು ಕುಳಿತಿರಲಿ, ಆರು ಜನ ಕುಳಿತಿರಲಿ, ಥ್ರಾಟಲನ್ನು ಪೂರ್ತಿ ತೆರೆದಾಗ ಎಂಜಿನ್ ಸರಿಸುಮಾರು ಅಷ್ಟೇ ಸುತ್ತುಗಳಲ್ಲಿ ನಿಲ್ಲುತ್ತದೆ. ಭಾರ ಹೆಚ್ಚಿದಾಗ ದೋಣಿಯ ವೇಗ ಕುಗ್ಗುವುದೇ ಹೊರತು ಎಂಜಿನ್ನಿನ ಸುತ್ತುಗಳು ಅಷ್ಟಾಗಿ ಕುಗ್ಗುವುದಿಲ್ಲ.

ಅನೇಕ ಜೆಟ್ ದೋಣಿಗಳಲ್ಲಿ ಎಂಜಿನ್ನಿನ ದಂಡವು ಗೇರ್ ಪೆಟ್ಟಿಗೆಯಿಲ್ಲದೆ ನೇರವಾಗಿ ಪಂಪಿಗೆ ಜೋಡಣೆಗೊಂಡಿರುತ್ತದೆ. ಅಲ್ಲಿ ಎಂಜಿನ್ ಯಾವ ವೇಗದಲ್ಲಿ ನೆಲೆ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಇಂಪೆಲರ್ ಮಾತ್ರ. ವಾಹನದಲ್ಲಿ ಗೇರ್ ಮಾಡುವ ಕೆಲಸವನ್ನು ಇಲ್ಲಿ ಇಂಪೆಲರಿನ ಗಾತ್ರವು ಮಾಡುತ್ತದೆ ಎನ್ನಬಹುದು. ಆದ್ದರಿಂದ ಇಂಪೆಲರನ್ನು ಎಂಜಿನ್ನಿಗೆ ತಕ್ಕಂತೆ ಆರಿಸಬೇಕು. ದೋಣಿಯ ತೂಕಕ್ಕೂ ವೇಗಕ್ಕೂ ತಕ್ಕಂತೆ ಆರಿಸಬೇಕಾದುದು ಇಡೀ ಪಂಪಿನ ಗಾತ್ರ.

ಘನ ನಿಯಮ

ಒಂದು ಇಂಪೆಲರನ್ನು ತಿರುಗಿಸಲು ಬೇಕಾದ ಶಕ್ತಿಯು ಅದರ ಸುತ್ತುಗಳ ಘನಕ್ಕೆ ಅನುಪಾತವಾಗಿ ಏರುತ್ತದೆ. ಸುತ್ತುಗಳು ಶೇ. 10ರಷ್ಟು ಹೆಚ್ಚಬೇಕಾದರೆ ಶಕ್ತಿಯು ಸುಮಾರು ಶೇ. 33ರಷ್ಟು ಹೆಚ್ಚಬೇಕು. ಎಂಜಿನ್ನಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಅದೇ ಇಂಪೆಲರಿನ ಸುತ್ತುಗಳು ಸುಮಾರು ಶೇ. 26ರಷ್ಟು ಮಾತ್ರ ಏರುತ್ತವೆ.

ವಿವರಣೆಗಾಗಿ ಒಂದು ಕಾಲ್ಪನಿಕ ಪೆಟ್ರೋಲ್ ಎಂಜಿನ್ನನ್ನು ತೆಗೆದುಕೊಳ್ಳಬಹುದು. ಅದು ನಿಮಿಷಕ್ಕೆ 4000 ಸುತ್ತುಗಳಲ್ಲಿ 300, 4500 ಸುತ್ತುಗಳಲ್ಲಿ 342, 5000 ಸುತ್ತುಗಳಲ್ಲಿ 330 ಅಶ್ವಶಕ್ತಿಯನ್ನು ಕೊಡುತ್ತದೆ ಎಂದಿರಲಿ. ಅಂದರೆ ಅದರ ಗರಿಷ್ಠ ಶಕ್ತಿ ದೊರೆಯುವುದು 4500ರ ಆಸುಪಾಸಿನಲ್ಲಿ.

• ದೊಡ್ಡ ಇಂಪೆಲರ್: 4000 ಸುತ್ತುಗಳಲ್ಲಿ 300 ಅಶ್ವಶಕ್ತಿಯನ್ನು ಹೀರುತ್ತದೆ. 4500ಕ್ಕೆ ಏರಲು 427 ಅಶ್ವಶಕ್ತಿ ಬೇಕು. ಎಂಜಿನ್ನಿನಲ್ಲಿ ಅಷ್ಟು ಶಕ್ತಿಯಿಲ್ಲ. ಎಂಜಿನ್ 4000ದಲ್ಲಿಯೇ ನಿಂತುಬಿಡುತ್ತದೆ; 42 ಅಶ್ವಶಕ್ತಿ ಬಳಕೆಯಾಗದೆ ಉಳಿಯುತ್ತದೆ.

• ಮಧ್ಯಮ ಇಂಪೆಲರ್: 4000 ಸುತ್ತುಗಳಲ್ಲಿ 240, 4500 ಸುತ್ತುಗಳಲ್ಲಿ 342 ಅಶ್ವಶಕ್ತಿಯನ್ನು ಹೀರುತ್ತದೆ. ಎಂಜಿನ್ ತನ್ನ ಗರಿಷ್ಠ ಶಕ್ತಿಯ ಬಿಂದುವಿನಲ್ಲಿಯೇ ನೆಲೆಗೊಳ್ಳುತ್ತದೆ. ಈ ಎಂಜಿನ್ನಿಗೆ ಇದೇ ತಕ್ಕ ಗಾತ್ರ.

• ಚಿಕ್ಕ ಇಂಪೆಲರ್: 4000 ಸುತ್ತುಗಳಲ್ಲಿ 180 ಅಶ್ವಶಕ್ತಿಯನ್ನು ಮಾತ್ರ ಹೀರುತ್ತದೆ. ಎಂಜಿನ್ ಗರಿಷ್ಠ ಶಕ್ತಿಯ ಬಿಂದುವನ್ನು ದಾಟಿ ಸುಮಾರು 4900ರವರೆಗೆ ಓಡುತ್ತದೆ. ಶಕ್ತಿ ಕಡಿಮೆಯಾಗುತ್ತದೆ, ಶಬ್ದ, ಸವಕಳಿ ಹೆಚ್ಚುತ್ತವೆ.

ಹೆಚ್ಚು ಸುತ್ತುವ ಎಂಜಿನ್ನೇ ಹೆಚ್ಚು ನೂಕುಬಲ ಕೊಡುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಂಪಿಗೆ ತಲುಪುವ ಅಶ್ವಶಕ್ತಿಯೇ ನಿರ್ಣಾಯಕ.

ಗಾತ್ರವನ್ನು ಸೂಚಿಸುವ ಬಗೆ

ಇಂಪೆಲರಿನ ಗಾತ್ರವನ್ನು ಪಂಪಿನ ಜಾತಿಗೆ ಅನುಗುಣವಾಗಿ ಎರಡು ರೀತಿಯಲ್ಲಿ ಹೇಳಲಾಗುತ್ತದೆ.

ಮಿಶ್ರ ಹರಿವಿನ ಪಂಪುಗಳಲ್ಲಿ ನೀರು ಓರೆಯಾಗಿ ಹೊರಕ್ಕೂ ಹಿಂದಕ್ಕೂ ಚಲಿಸುತ್ತದೆ. ಇವುಗಳಲ್ಲಿ ಒಂದೇ ಅಚ್ಚಿನ ಇಂಪೆಲರನ್ನು ಲೇತ್ ಯಂತ್ರದಲ್ಲಿ ಬೇರೆ ಬೇರೆ ವ್ಯಾಸಕ್ಕೆ ಕಡೆಯಬಹುದು. ಅಮೆರಿಕದ ಬರ್ಕ್ಲಿ ಪಂಪುಗಳಲ್ಲಿ ಈ ಗಾತ್ರಗಳನ್ನು ಎ, ಬಿ, ಸಿ ಮುಂತಾದ ಅಕ್ಷರಗಳಿಂದ ಗುರುತಿಸುವ ರೂಢಿಯಿದೆ. ಎ ಗಾತ್ರದ್ದು ಬಿ ಗಾತ್ರದ್ದಕ್ಕಿಂತಲೂ, ಬಿ ಗಾತ್ರದ್ದು ಸಿ ಗಾತ್ರದ್ದಕ್ಕಿಂತಲೂ ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಸುತ್ತುಗಳು ಒಂದೇ ಆಗಿರುವಾಗ, ಕಡೆದ ಇಂಪೆಲರಿನ ಶಕ್ತಿಯ ಬೇಡಿಕೆಯು ಸ್ಥೂಲವಾಗಿ ವ್ಯಾಸದ ಘನವನ್ನು ಅನುಸರಿಸುತ್ತದೆ. ವ್ಯಾಸವನ್ನು ಶೇ. 5ರಷ್ಟು ತಗ್ಗಿಸಿದರೆ ಬೇಡಿಕೆಯು ಸುಮಾರು ಶೇ. 14ರಷ್ಟು ಇಳಿಯುತ್ತದೆ. ಕಡೆದು ತೆಗೆದ ಲೋಹವನ್ನು ಮರಳಿ ಸೇರಿಸುವುದು ಸುಲಭವಲ್ಲ. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಕಡೆದು, ಪ್ರತಿ ಸಲವೂ ಓಡಿಸಿ ನೋಡುವುದು ಕ್ಷೇಮ.

ಅಕ್ಷೀಯ ಹರಿವಿನ ಪಂಪುಗಳಲ್ಲಿ ನೀರು ದಂಡಕ್ಕೆ ಸಮಾನಾಂತರವಾಗಿ ಸಾಗುತ್ತದೆ. ರೆಕ್ಕೆಯ ತುದಿಗೂ ಕವಚಕ್ಕೂ ನಡುವೆ ಕೂದಲೆಳೆಯಷ್ಟು ಮಾತ್ರ ತೆರವು ಇರಬೇಕಾದುದರಿಂದ ವ್ಯಾಸವನ್ನು ಬದಲಿಸುವಂತಿಲ್ಲ. ರೆಕ್ಕೆಯ ಓರೆಯನ್ನು, ಅಂದರೆ ಪಿಚ್ಚನ್ನು ಬದಲಿಸಲಾಗುತ್ತದೆ. ಜಲ ಸ್ಕೂಟರುಗಳ ಇಂಪೆಲರುಗಳ ಮೇಲೆ 13/18 ಎಂಬಂತಹ ಜೋಡಿ ಸಂಖ್ಯೆಗಳಿರುತ್ತವೆ. ಮೊದಲನೆಯದು ರೆಕ್ಕೆಯ ಮುಂದಿನ ಅಂಚಿನ ಓರೆಯನ್ನೂ ಎರಡನೆಯದು ಹಿಂದಿನ ಅಂಚಿನ ಓರೆಯನ್ನೂ ಡಿಗ್ರಿಗಳಲ್ಲಿ ತಿಳಿಸುತ್ತವೆ. ಓರೆ ಹೆಚ್ಚಿದಷ್ಟೂ ಎಂಜಿನ್ನಿನ ಮೇಲಿನ ಹೊರೆ ಹೆಚ್ಚು.

ಪಂಪಿನ ಗಾತ್ರ ಮತ್ತು ದೋಣಿಯ ವೇಗ

ನಳಿಕೆಯಿಂದ ಹೊಮ್ಮುವ ನೀರಿನ ವೇಗವು ದೋಣಿಯ ವೇಗಕ್ಕಿಂತ ಹೆಚ್ಚಿರಲೇಬೇಕು; ಆದರೆ ಬಹಳ ಹೆಚ್ಚಿದ್ದರೆ ಶಕ್ತಿ ವ್ಯರ್ಥವಾಗುತ್ತದೆ. ದೋಣಿ ಸೆಕೆಂಡಿಗೆ 15 ಮೀಟರ್ ಸಾಗುವಾಗ ನೀರು 30 ಮೀಟರ್ ವೇಗದಲ್ಲಿ ಚಿಮ್ಮಿದರೆ, ನೂಕುವಿಕೆಯ ಆದರ್ಶ ದಕ್ಷತೆಯು ಸುಮಾರು ಶೇ. 67, 20 ಮೀಟರ್ ವೇಗದಲ್ಲಿ ಚಿಮ್ಮಿದರೆ ಸುಮಾರು ಶೇ. 86. ಆದುದರಿಂದ ಭಾರವಾದ, ನಿಧಾನಗತಿಯ ದೋಣಿಗೆ ಹೆಚ್ಚು ನೀರನ್ನು ಕಡಿಮೆ ವೇಗದಲ್ಲಿ ದೂಡುವ ದೊಡ್ಡ ಪಂಪು ಸೂಕ್ತ. ಹಗುರವಾದ, ವೇಗದ ದೋಣಿಗೆ ಚಿಕ್ಕ ಪಂಪು ಸಾಕಾಗುತ್ತದೆ.

ಚಿಕ್ಕ ಪಂಪಿಗೆ ಅತಿಯಾದ ಶಕ್ತಿಯನ್ನು ತುಂಬಿದರೆ, ಮುಖ್ಯವಾಗಿ ದೋಣಿ ನಿಧಾನವಾಗಿ ಸಾಗುವಾಗ, ರೆಕ್ಕೆಗಳ ಮೇಲೆ ಒತ್ತಡ ಕುಸಿದು ನೀರು ಆವಿಯ ಗುಳ್ಳೆಗಳಾಗುತ್ತದೆ. ಇದನ್ನು ಕ್ಯಾವಿಟೇಶನ್ ಎನ್ನುತ್ತಾರೆ. ಗುಳ್ಳೆಗಳು ಒಡೆಯುವಾಗ ಲೋಹದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಎಂಜಿನ್ನಿನ ಸುತ್ತುಗಳು ಹಠಾತ್ತನೆ ಏರಿ ನೂಕುಬಲ ಕುಸಿಯುವುದು ಇದರ ಲಕ್ಷಣ.

ಆಯ್ಕೆಯ ಕ್ರಮ

ಮೊದಲು ಎಂಜಿನ್ನಿನ ಶಕ್ತಿಯ ರೇಖೆಯನ್ನೂ, ತಯಾರಕರು ಸೂಚಿಸಿದ ಪೂರ್ಣ ಥ್ರಾಟಲಿನ ಸುತ್ತುಗಳ ಮಿತಿಯನ್ನೂ ತಿಳಿಯಬೇಕು. ಪಂಪಿನ ತಯಾರಕರು ಪ್ರತಿ ಇಂಪೆಲರಿಗೂ ಬೇಕಾಗುವ ಶಕ್ತಿಯ ರೇಖೆಯನ್ನು ಒದಗಿಸಿರುತ್ತಾರೆ. ಎರಡು ರೇಖೆಗಳು ಛೇದಿಸುವ ಬಿಂದುವು ಎಂಜಿನ್ನಿನ ಗರಿಷ್ಠ ಶಕ್ತಿಯ ಸಮೀಪದಲ್ಲಿಯೂ ಸುತ್ತುಗಳ ಮಿತಿಯೊಳಗೂ ಇರುವ ಇಂಪೆಲರನ್ನು ಆರಿಸಬೇಕು. ಬಳಿಕ ಆಳವಾದ ನೀರಿನಲ್ಲಿ ದೋಣಿಯನ್ನು ಓಡಿಸಿ, ಟಾಕೋಮೀಟರಿನಲ್ಲಿ ಸುತ್ತುಗಳನ್ನು ನೋಡಬೇಕು. ದಡದ ಬಳಿ ಪರೀಕ್ಷಿಸಿದರೆ ಪಂಪು ಮರಳನ್ನೂ ಕಲ್ಲನ್ನೂ ಹೀರಿಕೊಳ್ಳುತ್ತದೆ.

ಎತ್ತರದ ಸ್ಥಳಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಸಾಮಾನ್ಯ ಎಂಜಿನ್ನುಗಳು ಪ್ರತಿ 300 ಮೀಟರಿಗೆ ಸುಮಾರು ಶೇ. 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತವೆ. 1500 ಮೀಟರ್ ಎತ್ತರದ ಸರೋವರದಲ್ಲಿ ಅದೇ ದೋಣಿಯ ಸುತ್ತುಗಳು ಸುಮಾರು ಶೇ. 5ರಷ್ಟು ತಗ್ಗುತ್ತವೆ. ದೋಣಿ ಸದಾ ಅಲ್ಲಿಯೇ ಓಡುವುದಾದರೆ ಒಂದು ಗಾತ್ರ ಚಿಕ್ಕದಾದ ಇಂಪೆಲರ್ ಉಚಿತ.

ಬದಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಸುತ್ತುಗಳು ಮೊದಲಿಗಿಂತ ಬೇರೆಯಾದಾಗಲೆಲ್ಲ ಇಂಪೆಲರಿನ ಗಾತ್ರವೇ ಕಾರಣವೆಂದು ತೀರ್ಮಾನಿಸಬಾರದು. ಎಂಜಿನ್ ದುರ್ಬಲಗೊಂಡಿದ್ದರೆ ಸರಿಯಾದ ಇಂಪೆಲರೂ ದೊಡ್ಡದೆಂಬಂತೆ ತೋರುತ್ತದೆ. ನೀರು ಹೀರುವ ಬಾಯಿಯ ಜಾಲರಿಗೆ ಕಳೆ, ಹಗ್ಗ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಪಂಪಿಗೆ ಸಾಕಷ್ಟು ನೀರು ಸಿಗದೆ ಸುತ್ತುಗಳು ಏರುತ್ತವೆ. ಇಂಪೆಲರಿನ ಸುತ್ತಲಿನ ವೇರ್ ರಿಂಗ್ ಎಂಬ ಉಂಗುರವು ಮರಳಿನಿಂದ ಸವೆದು ತೆರವು ಹೆಚ್ಚಿದರೆ, ಒತ್ತಡಕ್ಕೊಳಗಾದ ನೀರು ಹಿಂದಕ್ಕೆ ಸೋರಿ ನೂಕುಬಲ ಕಡಿಮೆಯಾಗುತ್ತದೆ. ರೆಕ್ಕೆಗಳ ಅಂಚು ಕಲ್ಲು ತಾಗಿ ಮೊಂಡಾಗಿದ್ದರೂ ಇದೇ ಬಗೆಯ ಪರಿಣಾಮವಾಗುತ್ತದೆ. ಈ ದೋಷಗಳನ್ನು ಸರಿಪಡಿಸಿದ ನಂತರದ ಅಳತೆಯನ್ನು ಮಾತ್ರ ಆಯ್ಕೆಗೆ ಆಧಾರವಾಗಿ ಇಟ್ಟುಕೊಳ್ಳಬೇಕು.

ಸುರಕ್ಷತೆ

ಜೆಟ್ ದೋಣಿಗೆ ಪ್ರತ್ಯೇಕ ಚುಕ್ಕಾಣಿ ಹಲಗೆಯಿಲ್ಲ. ನಳಿಕೆಯಿಂದ ಹೊಮ್ಮುವ ನೀರಿನ ದಿಕ್ಕನ್ನು ತಿರುಗಿಸಿಯೇ ದೋಣಿಯನ್ನು ತಿರುಗಿಸಬೇಕು. ನೀರಿನ ಚಿಮ್ಮುವಿಕೆ ನಿಂತರೆ ದೋಣಿಯ ಮೇಲಿನ ಹಿಡಿತವೂ ತಪ್ಪುತ್ತದೆ. ಬಂಡೆಗಳ ನಡುವೆ ರಭಸವಾಗಿ ಹರಿಯುವ ನದಿಯಲ್ಲಿ ಎಂಜಿನ್ ಕೈಕೊಟ್ಟರೆ ಪ್ರಯಾಣಿಕರ ಪ್ರಾಣಕ್ಕೇ ಅಪಾಯ ಒದಗಬಹುದು. ಆದುದರಿಂದ ಎಂಜಿನ್ ತನ್ನ ಮಿತಿಯೊಳಗೆ ಓಡುವಂತೆ ಇಂಪೆಲರನ್ನು ಹೊಂದಿಸುವುದು ವೇಗಕ್ಕಾಗಿ ಮಾತ್ರವಲ್ಲದೆ ಸುರಕ್ಷತೆಗಾಗಿಯೂ ಅಗತ್ಯ. ಜಾಲರಿಯನ್ನಾಗಲಿ ಇಂಪೆಲರನ್ನಾಗಲಿ ಮುಟ್ಟುವ ಮುನ್ನ ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದಿಟ್ಟುಕೊಳ್ಳಬೇಕು.