ಕ್ಷಮಿಸುವವರು ಯಾರು? ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಕಥನಗಳನ್ನು ಕುರಿತು

ಕನ್ನಡ ಕಾದಂಬರಿಯ ಹುಟ್ಟನ್ನು ಕುರಿತು ಬರೆಯುವವರು ಮಿಶನರಿಗಳಿಗೆ ಸಾಮಾನ್ಯವಾಗಿ ಎರಡು ವಾಕ್ಯಗಳನ್ನು ಮೀಸಲಿಡುತ್ತಾರೆ. ಅವರು ಮುದ್ರಣಯಂತ್ರ ತಂದರು, ಪತ್ರಿಕೆ ಹೊರಡಿಸಿದರು, ನಿಘಂಟು ಕಟ್ಟಿದರು ಎಂಬುದು ಮೊದಲನೆಯ ವಾಕ್ಯ. ಅವರ ಕತೆಗಳೆಲ್ಲ ಮತಪ್ರಚಾರದ ಸಾಮಗ್ರಿಯೇ ಆದುದರಿಂದ ಸಾಹಿತ್ಯಚರಿತ್ರೆಗೆ ಅಷ್ಟಾಗಿ ಬೇಕಾಗಿಲ್ಲ ಎಂಬುದು ಎರಡನೆಯದು. ಮೊದಲನೆಯ ವಾಕ್ಯ ನಿಜ. ಎರಡನೆಯದರ ಪೂರ್ವಾರ್ಧವೂ ನಿಜವೇ. ಆದರೆ ಅದರಿಂದ ತೆಗೆದ ತೀರ್ಮಾನ ಮಾತ್ರ ಪರಿಶೀಲನೆಗೆ ಅರ್ಹವಾದುದು. ಪ್ರಚಾರಕ್ಕಾಗಿ ಬರೆದ ಕತೆಯೂ ಒಂದು ಸಮಾಜದೊಳಗೆ ಓಡಾಡಬೇಕಾಗುತ್ತದೆ. ಅಲ್ಲಿನ ಒಡೆಯರು, ಆಳುಗಳು, ವಿಧವೆಯರು, ನ್ಯಾಯಾಲಯಗಳನ್ನು ಹಾದುಹೋಗಬೇಕಾಗುತ್ತದೆ. ಹಾಗೆ ಹಾದುಹೋಗುವಾಗ ಅದು ಬರೆದವರ ಉದ್ದೇಶಕ್ಕೆ ಮೀರಿದ ಪ್ರಶ್ನೆಗಳನ್ನು ಎತ್ತಿಬಿಡುವುದುಂಟು. ಪಾಪ, ಮಾನಸಾಂತರ, ಕ್ಷಮೆ, ಹೊಸ ಬಾಳು ಎಂಬ ಸರಣಿ ಈ ಕಥನಗಳ ಬೆನ್ನೆಲುಬು. ಅದನ್ನು ಭಾರತೀಯ ಸಮಾಜದ ಮೇಲೆ ಇಟ್ಟೊಡನೆ ಏಳುವ ಪ್ರಶ್ನೆ ಇದು: ಯಾರು ಯಾರನ್ನು ಕ್ಷಮಿಸಬೇಕು?

ಮೊದಲು ಶಬ್ದದ ವಿಚಾರ. ‘ಕ್ಷಮೆ’ ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ತಾಳ್ಮೆ, ಸಹನೆ ಎಂಬ ಅರ್ಥಗಳಿವೆ. ಭೂಮಿಗೂ ಅದೇ ಹೆಸರು. ತುಳಿದವರನ್ನೂ ಹೊತ್ತುಕೊಂಡಿರುವುದು ಭೂಮಿಯ ಗುಣ. ಪಾಪವನ್ನು ಮನ್ನಿಸುವ ಕ್ರೈಸ್ತ ಕಲ್ಪನೆಗೆ ಇದೇ ಶಬ್ದವನ್ನು ಬಳಸಿಕೊಂಡಾಗ ಹಳೆಯ ಅರ್ಥ ಅಳಿಸಿಹೋಗಲಿಲ್ಲ, ಅಡಿಯಲ್ಲಿ ಉಳಿದುಕೊಂಡಿತು. ಹೀಗಾಗಿ ಒಬ್ಬ ಜೀತದಾಳು ತನ್ನ ಒಡೆಯನನ್ನು ‘ಕ್ಷಮಿಸಿದ’ ಎಂದು ಓದಿದಾಗ, ಅವನು ಮನ್ನಿಸಿದನೋ ಅಥವಾ ತಾಳಿಕೊಂಡನೋ ಎಂಬ ಸಂಶಯ ನಮ್ಮ ಭಾಷೆಗಳಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ‘ಪ್ರಾಯಶ್ಚಿತ್ತ’ದ ಕತೆಯೇ ಬೇರೆ. ಅದು ಜಾತಿಯೊಳಕ್ಕೆ ಮರಳಿ ಬರುವ ವಿಧಿ. ಅದನ್ನು ವಿಧಿಸುವವರು ಮಠದವರು, ಸಮುದಾಯದ ಹಿರಿಯರು. ಅನ್ಯಾಯಕ್ಕೆ ಒಳಗಾದವನ ಒಪ್ಪಿಗೆ ಅದಕ್ಕೆ ಬೇಕಾಗಿಲ್ಲ. ಕನ್ನಡ ಬೈಬಲ್ಲಿನ ‘ಮಾನಸಾಂತರ’ ಈ ಎರಡಕ್ಕಿಂತಲೂ ಭಿನ್ನವಾದ, ಒಳಗಿನ ತಿರುವನ್ನು ಸೂಚಿಸುವ ಶಬ್ದ. ಮುಂದೆ ಚರ್ಚಿಸುವ ಕೃತಿಗಳಲ್ಲಿ ಈ ಮೂರೂ ಪರಿಕಲ್ಪನೆಗಳು ಒಂದನ್ನೊಂದು ತಳ್ಳುತ್ತಿರುವುದನ್ನು ಕಾಣಬಹುದು.

1852ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾದ ಬಂಗಾಳಿಯ ‘ಫುಲ್ಮಣಿ ಓ ಕರುಣಾರ್ ಬಿಬರಣ್’ ಈ ಸಾಲಿನ ಆರಂಭದ ಕೃತಿಗಳಲ್ಲೊಂದು. ಬರೆದವಳು ಹ್ಯಾನಾ ಕ್ಯಾಥರೀನ್ ಮಲೆನ್ಸ್. ಕಲ್ಕತ್ತೆಯಲ್ಲೇ ಹುಟ್ಟಿದ ಈಕೆ ಮಿಶನರಿಯ ಮಗಳು, ಮಿಶನರಿಯ ಹೆಂಡತಿ. ಇಂಗ್ಲಿಷಿನ ಒಂದು ಧಾರ್ಮಿಕ ಕತೆಯ ಆಧಾರ ಇದಕ್ಕುಂಟು. ಫುಲ್ಮಣಿಯದು ಅಚ್ಚುಕಟ್ಟಾದ ಕ್ರೈಸ್ತ ಸಂಸಾರ, ಕರುಣಾಳದು ಕೊಳೆ, ಕಲಹ, ಕುಡುಕ ಗಂಡನ ಸಂಸಾರ. ಕೊನೆಗೆ ಕರುಣಾ ತಿದ್ದಿಕೊಳ್ಳುತ್ತಾಳೆ. ಇದನ್ನೆಲ್ಲ ನೋಡಿ ನಮಗೆ ಹೇಳುವವಳು ಬಿಳಿಯ ದೊರೆಸಾನಿ. ಇಲ್ಲಿ ಕ್ಷಮೆ ಮೇಲಿನಿಂದ ಕೆಳಕ್ಕೆ ಇಳಿದು ಬರುವ ವಸ್ತು, ಹೆಚ್ಚುಕಡಿಮೆ ಮನೆ ಗುಡಿಸಿ ಸಾರಿಸುವುದರ ಜೊತೆಗೇ ಸಿಗುವಂಥದು. ಬಂಗಾಳಿಯ ಮೊದಲ ಕಾದಂಬರಿ ಇದೇ ಹೌದೇ ಅಲ್ಲವೇ ಎಂಬ ವಾದ ಇಂದಿಗೂ ಮುಗಿದಿಲ್ಲ; ಅದು ನಮಗೆ ಅಷ್ಟು ಮುಖ್ಯವಲ್ಲ. 1858ರಷ್ಟು ಬೇಗ ಜೋಸೆಫ್ ಪೀಟ್ ಇದನ್ನು ಮಲಯಾಳಕ್ಕೆ ತಂದನೆಂಬುದು ಮುಖ್ಯ. ಕತೆಗಳು ಮಿಶನ್ನಿನ ದಾರಿಗಳಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು.

ಮರಾಠಿಯ ‘ಯಮುನಾ ಪರ್ಯಟನ’ (1857) ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಇದರ ಲೇಖಕ ಬಾಬಾ ಪದ್ಮನಜಿ (1831–1906) ಹುಟ್ಟಿದ್ದು ಬೆಳಗಾವಿಯಲ್ಲಿ. ಅಲ್ಲಿನ ಲಂಡನ್ ಮಿಶನ್ ಶಾಲೆಯಲ್ಲಿ ಕಲಿತು, 1854ರಲ್ಲಿ ಅಲ್ಲಿಯೇ ದೀಕ್ಷಾಸ್ನಾನ ಪಡೆದವನು. ಯಮುನೆ ಗಂಡ ವಿನಾಯಕನೊಡನೆ ಊರೂರು ತಿರುಗುತ್ತ ವಿಧವೆಯರ ಬಾಳನ್ನು ಕಣ್ಣಾರೆ ಕಾಣುತ್ತಾಳೆ. ಆಮೇಲೆ ಗಂಡ ಅಪಘಾತದಲ್ಲಿ ಸತ್ತು ತಾನೇ ವಿಧವೆಯಾಗುತ್ತಾಳೆ. ಕಡೆಗೆ ಕ್ರೈಸ್ತಳಾಗಿ ಮರುಮದುವೆಯಾಗುತ್ತಾಳೆ. ವಿಧವಾವಿವಾಹದ ಕಾಯಿದೆ ಬಂದದ್ದು 1856ರಲ್ಲಿ. ಕಾಯಿದೆ ಕೊಟ್ಟ ಹಕ್ಕನ್ನು ಮನೆ ಕೊಡದಿದ್ದಾಗ ಹೆಣ್ಣು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಪದ್ಮನಜಿ ಕೊಟ್ಟ ಉತ್ತರ ಧರ್ಮಾಂತರ. ಉತ್ತರವನ್ನು ಒಪ್ಪದವರೂ ಪ್ರಶ್ನೆಯನ್ನು ಅಲ್ಲಗಳೆಯಲಾರರು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಇಲ್ಲಿ ವಿಧವೆ ಯಾವ ಪಾಪವನ್ನೂ ಮಾಡಿಲ್ಲ. ಆಕೆಗೆ ಬೇಕಾದದ್ದು ಕ್ಷಮೆಯಲ್ಲ, ಎರಡನೆಯ ಬಾಳು. ಕ್ರೈಸ್ತ ಕಥನದ ಸಿದ್ಧ ಚೌಕಟ್ಟಿನಿಂದ ಪಾಪದ ಕೊಂಡಿ ಇಲ್ಲಿಯೇ ಕಳಚಿಕೊಳ್ಳುತ್ತದೆ.

ಮಲಯಾಳದ ಎರಡು ಕೃತಿಗಳಲ್ಲಿ ಈ ಚೌಕಟ್ಟು ಇನ್ನೂ ತೀವ್ರವಾದ ಒತ್ತಡಕ್ಕೆ ಸಿಲುಕುತ್ತದೆ. ಮೊದಲನೆಯದು ‘ಘಾತಕವಧಂ’. ಕೋಟ್ಟಯಂ ಸಿ.ಎಂ.ಎಸ್. ಕಾಲೇಜಿನ ರಿಚರ್ಡ್ ಕಾಲಿನ್ಸನ ಹೆಂಡತಿ ಇದನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದ್ದಳು. 1862ರಲ್ಲಿ ಆಕೆ ತೀರಿಕೊಂಡಾಗ ಗಂಡ ಅದನ್ನು ಪೂರ್ತಿಗೊಳಿಸಿ, ಕಾಲೇಜಿನ ‘ವಿದ್ಯಾಸಂಗ್ರಹಂ’ ಪತ್ರಿಕೆಯಲ್ಲಿ 1864ರಿಂದ 1866ರವರೆಗೆ ಬಿಡಿಬಿಡಿಯಾಗಿ ಪ್ರಕಟಿಸಿದ. ಮಲಯಾಳ ರೂಪ 1877ರಲ್ಲಿ ಹೊರಬಂತು. ಕೋಶಿ ಕುರಿಯನ್ ಸಿರಿವಂತ ಸಿರಿಯನ್ ಕ್ರೈಸ್ತ, ಗದ್ದೆಗಳ ಒಡೆಯ. ಪೌಲೋಸ ಅವನ ಪುಲಯ ಆಳು, ಹೊಸದಾಗಿ ಕ್ರೈಸ್ತನಾದವನು. ಭಾನುವಾರ ದುಡಿಯಲಾರೆನೆಂದು ಪೌಲೋಸ ಹೇಳಿದಾಗ ಒಡೆಯ ಕೋಪದಿಂದ ಕೈಯೆತ್ತುತ್ತಾನೆ. ಆ ಏಟಿಗೆ ಪೌಲೋಸನ ಮೊಮ್ಮಗು ಬಲಿಯಾಗುತ್ತದೆ. ಮುದುಕ ಒಡೆಯನನ್ನು ಕ್ಷಮಿಸುತ್ತಾನೆ. ಆ ಕ್ಷಮೆಯಿಂದ ಕೋಶಿಯೊಳಗಿನ ಘಾತಕ ಸಾಯುತ್ತಾನೆ ಎಂಬುದೇ ಹೆಸರಿನ ಅರ್ಥ.

ಕತೆಯ ರಚನೆಯಲ್ಲಿ ಒಂದು ವಿಶೇಷವಿದೆ. ಪಾಪಿಯೂ ಕ್ರೈಸ್ತ, ಕ್ಷಮಿಸುವವನೂ ಕ್ರೈಸ್ತ. ತಲೆಮಾರುಗಳಿಂದ ಕ್ರೈಸ್ತನಾಗಿದ್ದವನಿಗೆ ಆ ಧರ್ಮದ ಸಾರವನ್ನು ಕಲಿಸಬೇಕಾದವನು ನಿನ್ನೆ ಮೊನ್ನೆ ಅದರೊಳಕ್ಕೆ ಬಂದ ಆಳು. ಮಿಶನರಿಗೆ ಸ್ಥಳೀಯ ಸಿರಿಯನ್ ಕ್ರೈಸ್ತರ ಮೇಲಿದ್ದ ಅಸಮಾಧಾನವೂ ಇದರಲ್ಲಿ ಸೇರಿದೆ, ಅಲ್ಲಗಳೆಯುವಂತಿಲ್ಲ. ಆದರೂ ನೈತಿಕ ಅಧಿಕಾರವನ್ನು ಗದ್ದೆಯ ಅಂಚಿನ ಗುಡಿಸಲಿಗೆ ವರ್ಗಾಯಿಸಿದ ಕಥನ ಆ ಕಾಲಕ್ಕೆ ಸಣ್ಣದೇನೂ ಅಲ್ಲ. ತಿರುವಾಂಕೂರಿನಲ್ಲಿ ಜೀತದ ಆಳುಗಳನ್ನು ಮಾರುವ ಕೊಳ್ಳುವ ಪದ್ಧತಿ ಕಾನೂನಿನ ಮಟ್ಟಿಗೆ ಅಂತ್ಯ ಕಂಡದ್ದು 1855ರ ಘೋಷಣೆಯಿಂದ. ಅಂದರೆ ಈ ಕತೆಯನ್ನು ಓದಿದ ಮೊದಲ ವಾಚಕರಲ್ಲಿ ಅನೇಕರು ಆಳುಗಳನ್ನು ಸ್ವತ್ತೆಂದು ಎಣಿಸುತ್ತಿದ್ದ ಮನೆಗಳಲ್ಲಿ ಬೆಳೆದವರೇ ಆಗಿರಬೇಕು.

ಆದರೆ ಇಲ್ಲಿಯೇ ಮೊದಲು ಹೇಳಿದ ಸಂಶಯ ಎದುರಾಗುತ್ತದೆ. ಪೌಲೋಸನಿಗೆ ಕ್ಷಮಿಸದಿರುವ ಸ್ವಾತಂತ್ರ್ಯವಿತ್ತೇ? ದೂರು ಕೊಡಲು, ಸಾಕ್ಷಿ ನಿಲ್ಲಿಸಲು, ಆ ಊರನ್ನೇ ಬಿಟ್ಟು ಹೋಗಲು ಅವನಿಗೆ ದಾರಿಯಿಲ್ಲದಿದ್ದರೆ ಅವನು ಕೊಟ್ಟದ್ದು ಕ್ಷಮೆಯೋ, ಭೂಮಿಯ ತಾಳ್ಮೆಯೋ? ಈ ಕೃತಿಯನ್ನು ಮೊದಲ ಸಲ ಓದಿದಾಗ ನಾನು ಇದನ್ನು ವಿಧೇಯತೆಯ ಪಾಠವೆಂದೇ ತಿಳಿದು ಪಕ್ಕಕ್ಕಿಟ್ಟಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಭಾನುವಾರ ದುಡಿಯಲಾರೆ ಎಂದವನು ವಿಧೇಯನಲ್ಲ. ಕತೆ ಶುರುವಾಗುವುದೇ ಅವನ ನಿರಾಕರಣೆಯಿಂದ. ಏಳು ದಿನಗಳಲ್ಲಿ ಒಂದು ದಿನ ಒಡೆಯನದಲ್ಲ ಎಂದು ಹೇಳಿದ ಮೇಲೆಯೇ ಅವನ ಕ್ಷಮೆಗೆ ಒಂದು ತೂಕ ಬರುತ್ತದೆ. ಆದರೂ ಸತ್ತ ಮಗುವಿನ ಲೆಕ್ಕ ಎಲ್ಲಿಯೂ ಚುಕ್ತಾ ಆಗುವುದಿಲ್ಲ, ಮತ್ತು ಕೃತಿಗೆ ಅದರ ಅರಿವಿದ್ದಂತೆ ಕಾಣುವುದಿಲ್ಲ.

ಆ ಲೆಕ್ಕವನ್ನು ಕೈಗೆತ್ತಿಕೊಂಡವನು ಕ್ರೈಸ್ತನಲ್ಲದ ಒಬ್ಬ ಲೇಖಕ. ಕಣ್ಣೂರಿನ ತೀಯ ವಕೀಲ ಪೋತೇರಿ ಕುಂಞಂಬು (1857–1919) ಬರೆದ ‘ಸರಸ್ವತೀವಿಜಯಂ’ 1892ರಲ್ಲಿ ಪ್ರಕಟವಾಯಿತು. ಅವನು ಎಂದೂ ಮತಾಂತರಗೊಳ್ಳಲಿಲ್ಲ. ಆದರೆ ಪುಲಯರ ಮಕ್ಕಳಿಗಾಗಿ ಶಾಲೆ ನಡೆಸಿದ. 2002ರಲ್ಲಿ ದಿಲೀಪ್ ಮೆನನ್ ಅವರ ಇಂಗ್ಲಿಷ್ ಅನುವಾದ ಬಂದಮೇಲೆ ಈ ಕಾದಂಬರಿ ಹೊರಗಿನ ಓದುಗರಿಗೂ ದೊರಕಿತು. ಮರತ್ತನ್ ಎಂಬ ಪುಲಯ ಹಾಡಿದನೆಂಬ ಕಾರಣಕ್ಕೆ ಕುಬೇರನ್ ನಂಬೂದಿರಿಯ ಆಜ್ಞೆಯಂತೆ ಅವನನ್ನು ಸಾಯುವಂತೆ ಹೊಡೆಯಲಾಗುತ್ತದೆ. ಸತ್ತನೆಂದೇ ಎಲ್ಲರೂ ನಂಬುತ್ತಾರೆ. ಕೊಲೆಯ ಆಪಾದನೆಗೆ ಹೆದರಿ ನಂಬೂದಿರಿ ಕಾಶಿಗೆ ಓಡುತ್ತಾನೆ. ಅವನ ಮಗಳು ಸುಭದ್ರೆ ವ್ಯಭಿಚಾರದ ಸುಳ್ಳು ಆರೋಪಕ್ಕೆ ಸಿಕ್ಕಿ ಜಾತಿಯಿಂದ ಹೊರಬಿದ್ದು ಬಾಸೆಲ್ ಮಿಶನ್ನಿನ ಆಶ್ರಯ ಪಡೆಯುತ್ತಾಳೆ. ಮೊಮ್ಮಗಳು ಸರಸ್ವತಿ ಅಲ್ಲಿಯೇ ವಿದ್ಯೆ ಕಲಿಯುತ್ತಾಳೆ. ಇತ್ತ ಬದುಕಿ ಉಳಿದ ಮರತ್ತನ್ ಅದೇ ಮಿಶನ್ನನ್ನು ಸೇರಿ, ಯೇಶುದಾಸನ್ ಎಂಬ ಹೆಸರು ಪಡೆದು, ಓದಿ ನ್ಯಾಯಾಧೀಶನಾಗುತ್ತಾನೆ. ಸರಸ್ವತಿಯನ್ನು ವರಿಸುತ್ತಾನೆ. ಕೊನೆಗೆ ಕಟಕಟೆಯಲ್ಲಿ ನಂಬೂದಿರಿ, ಪೀಠದಲ್ಲಿ ಅವನು ಕೊಲ್ಲಿಸಿದನೆನ್ನಲಾದ ಪುಲಯ.

ತನ್ನದೇ ಮೊಕದ್ದಮೆಯಲ್ಲಿ ಯಾರೂ ನ್ಯಾಯಾಧೀಶನಾಗುವಂತಿಲ್ಲ. ವಕೀಲನಾದ ಕುಂಞಂಬುವಿಗೆ ಇದು ತಿಳಿಯದ ಸಂಗತಿಯೇನಲ್ಲ. ತಿಳಿದೂ ಆ ದೃಶ್ಯವನ್ನು ಕಟ್ಟಿದನೆಂದರೆ ಅವನಿಗೆ ಬೇಕಾಗಿದ್ದುದು ನ್ಯಾಯಶಾಸ್ತ್ರದ ಸಾಧ್ಯತೆಯಲ್ಲ, ಒಂದು ಚಿತ್ರ. ಕ್ಷಮಿಸುವವನ ಕೈಯಲ್ಲಿ ಶಿಕ್ಷಿಸುವ ಅಧಿಕಾರವೂ ಇರಬೇಕು; ಆಗ ಮಾತ್ರ ತಾಳ್ಮೆ ಬೇರೆ, ಕ್ಷಮೆ ಬೇರೆ ಎಂಬುದು ಕಣ್ಣಿಗೆ ಕಾಣುತ್ತದೆ. ನಂಬೂದಿರಿ ಬಿಡುಗಡೆಯಾಗುವುದು ಕೊಲೆಯೇ ನಡೆದಿಲ್ಲವೆಂಬ ಕಾರಣಕ್ಕೆ. ಆ ಮಾತನ್ನು ಹೇಳಬಲ್ಲವನು ಬದುಕುಳಿದ ಬಲಿಪಶು ಒಬ್ಬನೇ. ಕಾಶೀಯಾತ್ರೆ ಅವನ ಕೈಹಿಡಿಯಲಿಲ್ಲ ಎಂಬುದನ್ನೂ ನೋಡಬೇಕು. ಜಾತಿಯೊಳಗಿನ ವಿಧಿ ಅವನನ್ನು ಶುದ್ಧಗೊಳಿಸಬಹುದಿತ್ತೋ ಏನೋ, ಋಣಮುಕ್ತನನ್ನಾಗಿ ಮಾಡಲಾರದು. ಗ್ರಂಥದ ಹೆಸರಿನಲ್ಲಿರುವ ಸರಸ್ವತಿ ನಂಬೂದಿರಿಯ ಮೊಮ್ಮಗಳೂ ಹೌದು, ವಿದ್ಯೆಯ ದೇವತೆಯೂ ಹೌದು. ಪೌಲೋಸನಿಗೆ ಇಲ್ಲದಿದ್ದ, ಮರತ್ತನ್‌ಗೆ ಒದಗಿದ ವಸ್ತು ವಿಶ್ವಾಸವಲ್ಲ, ಅಕ್ಷರ. ಕ್ರೈಸ್ತ ಕಥನದ ಅಚ್ಚನ್ನು ಪೂರ್ತಿಯಾಗಿ ಬಳಸಿಕೊಂಡು ಅದರ ನಡುವೆ ದೇವರ ಸ್ಥಾನದಲ್ಲಿ ಶಾಲೆಯನ್ನು ಕೂರಿಸಿದ ಜಾಣತನ ಇದು.

ಇದೇ ದಶಕದಲ್ಲಿ, 1899ರಲ್ಲಿ, ರಷ್ಯದಲ್ಲಿ ಟಾಲ್‌ಸ್ಟಾಯ್‌ನ ‘ಪುನರುತ್ಥಾನ’ ಪ್ರಕಟವಾಯಿತು. ಎರಡರ ನಡುವೆ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಎದುರುಬದುರಾಗಿ ಇಟ್ಟು ನೋಡಲು ಅನುಕೂಲ, ಅಷ್ಟೆ. ಅಲ್ಲಿಯೂ ನ್ಯಾಯಾಲಯವೇ ರಂಗಸ್ಥಳ. ಆದರೆ ನ್ಯಾಯದರ್ಶಿಗಳ ಸಾಲಿನಲ್ಲಿ ಕುಳಿತವನು ಅನ್ಯಾಯ ಮಾಡಿದ ನೆಹ್ಲ್ಯೂದೊವ್, ಕಟಕಟೆಯಲ್ಲಿ ನಿಂತವಳು ಅವನಿಂದ ಕೆಟ್ಟ ಮಾಸ್ಲೊವಾ. ಅವನು ಸೈಬೀರಿಯದ ದಾರಿಯುದ್ದಕ್ಕೂ ಅವಳನ್ನು ಹಿಂಬಾಲಿಸಿ ಕ್ಷಮೆ ಬೇಡುತ್ತಾನೆ, ಮದುವೆಯಾಗುತ್ತೇನೆನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅವನ ಆತ್ಮೋದ್ಧಾರಕ್ಕೆ ಸಾಧನವಾಗಲು ಅವಳಿಗೆ ಮನಸ್ಸಿಲ್ಲ. ಟಾಲ್‌ಸ್ಟಾಯ್‌ಗೆ ಕಾಡಿದ್ದು ತಪ್ಪಿತಸ್ಥನ ಮರುಹುಟ್ಟು. ಕುಂಞಂಬುವಿಗೆ ಕಾಡಿದ್ದು ತುಳಿತಕ್ಕೊಳಗಾದವನ ಮರುಹುಟ್ಟು. ಒಡೆಯರ ವರ್ಗದಿಂದ ಬಂದವನಿಗೂ ತೀಯನಿಗೂ ಇರಬಹುದಾದ ಅಂತರವೇ ಇದು.

ಇನ್ನು ಮಂಗಳೂರು. ಬಾಸೆಲ್ ಮಿಶನ್ ಅಲ್ಲಿ ನೆಲೆಯೂರಿದ್ದು 1834ರಲ್ಲಿ, ಕಣ್ಣೂರನ್ನು ತಲುಪಿದ್ದು 1841ರಲ್ಲಿ. ಜಾತಿಯೊಡನೆ ಜೀವನೋಪಾಯವನ್ನೂ ಕಳೆದುಕೊಂಡವರಿಗೆ ನೇಯ್ಗೆಯ ಮಗ್ಗ, ಹೆಂಚಿನ ಕಾರ್ಖಾನೆ (ಮಂಗಳೂರಿನಲ್ಲಿ 1865), ಮುದ್ರಣಾಲಯ ಇವೇ ಎರಡನೆಯ ಬಾಳಿನ ಲೌಕಿಕ ರೂಪಗಳಾಗಿದ್ದವು. ಬನ್ಯನ್ನನ ಯಾತ್ರಿಕ ಕನ್ನಡಕ್ಕೆ ಬಂದದ್ದೂ, ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ್ದೂ ಈ ವಾತಾವರಣದಲ್ಲಿಯೇ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ 1899ರಲ್ಲಿ ಅಚ್ಚಾದದ್ದು ಇದೇ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅದು ಕ್ರೈಸ್ತ ಕಾದಂಬರಿಯಲ್ಲ. ಬಾಲವಿಧವೆಯಾದ ಇಂದಿರೆ ಕಪಟ ಸಂತಮಂಡಳಿಯ ಕೈಯಿಂದ ಪಾರಾಗಿ, ಓದಿ, ಭಾಸ್ಕರನನ್ನು ಮರುಮದುವೆಯಾಗುತ್ತಾಳೆ, ಧರ್ಮವನ್ನು ಬಿಡುವುದಿಲ್ಲ. ಯಮುನೆಯ ಪ್ರಶ್ನೆಗೆ ಯಮುನೆಯ ಉತ್ತರವನ್ನು ಬಿಟ್ಟು ಬೇರೊಂದು ಉತ್ತರವನ್ನು ಸಾರಸ್ವತ ಸಮುದಾಯದ ಒಳಗೇ ಹುಡುಕಿದ ಕೃತಿ ಇದು ಎಂದು ಓದಿದರೆ ‘ಸದ್ಧರ್ಮ’ ಎಂಬ ಶಬ್ದದ ಮೇಲೆ ಲೇಖಕ ಹಾಕಿದ ಒತ್ತು ಸ್ಪಷ್ಟವಾಗುತ್ತದೆ. ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಅನುಕೂಲವಿದೆ. ಮರಾಠಿ, ಮಲಯಾಳ, ಬಂಗಾಳಿಗಳನ್ನು ನೆರೆಯಲ್ಲೇ ಕೇಳುವವರು ಈ ಸಂವಾದವನ್ನು ನಮಗಿಂತ ಚೆನ್ನಾಗಿ ಬಿಡಿಸಬಲ್ಲರು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ‘ಸರಸ್ವತೀವಿಜಯಂ’ ಪ್ರಕಟವಾದ 1892ರಲ್ಲಿಯೇ ಮಂಗಳೂರಿನಲ್ಲಿ ಇನ್ನೊಬ್ಬ ವಕೀಲರು, ಕುದ್ಮುಲ್ ರಂಗರಾಯರು, ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು. ಅನುಭವ ಎರಡೂ ಊರುಗಳಲ್ಲಿ ಒಂದೇ ಬಗೆಯದು. ಆದರೆ ಮರತ್ತನ್‌ನಂಥ ಪಾತ್ರ ಆಗಿನ ಕನ್ನಡ ಕಾದಂಬರಿಯಲ್ಲಿ ಹುಟ್ಟಲಿಲ್ಲ. ಅದಕ್ಕಾಗಿ 1933ರ ‘ಚೋಮನ ದುಡಿ’ಯವರೆಗೆ ಕಾಯಬೇಕಾಯಿತು. ಕಾರಂತರ ಚೋಮನಿಗೆ ಬೇಕಾದದ್ದು ಬೇಸಾಯ ಮಾಡಲು ಒಂದು ತುಂಡು ಭೂಮಿ. ಒಡೆಯ ಸಂಕಪ್ಪಯ್ಯನಿಂದ ಅದು ದೊರೆಯುವುದಿಲ್ಲ. ಕ್ರೈಸ್ತನಾದರೆ ಸಿಕ್ಕೀತೆಂಬ ಆಸೆಯಿಂದ ಹೊರಟವನು ನಡುದಾರಿಯಲ್ಲಿ ತನ್ನ ಪಂಜುರ್ಲಿ ಭೂತವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅವನ ಒಬ್ಬ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲುಜಾತಿಯವರು ಮುಟ್ಟಿ ಎತ್ತುವುದಿಲ್ಲ. ಪೌಲೋಸನ ಮೊಮ್ಮಗುವಿನಂತೆ ಇಲ್ಲಿಯೂ ಒಂದು ಸಾವು ಇದೆ. ಆದರೆ ಚೋಮನ ಬಳಿಗೆ ಯಾರೂ ಕ್ಷಮೆ ಕೇಳಲು ಬರುವುದಿಲ್ಲ, ಅವನೂ ಯಾರನ್ನೂ ಕ್ಷಮಿಸುವುದಿಲ್ಲ. ಗುಡಿಸಲಿನ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಾನೆ.