ಕಣ್ಣಿಗೆ ಕಾಣದ ಹೊಟ್ಟೆನೋವಿನ ಚರಿತ್ರೆ

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ನುಲಿದು ಎರಡು ಮೂರು ಸಲ ಶೌಚಕ್ಕೆ ಓಡಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಪರೀಕ್ಷೆ ಮುಗಿದೊಡನೆ ಆ ನೋವು ಮಾಯವಾಗುತ್ತದೆ. ಆದರೆ ಕೆಲವರನ್ನು ಇದೇ ನುಲಿತ, ಹೊಟ್ಟೆಯುಬ್ಬರ, ಭೇದಿ ಅಥವಾ ಮಲಬದ್ಧತೆ ವರ್ಷಗಟ್ಟಲೆ ಕಾಡುತ್ತದೆ. ಪರೀಕ್ಷೆ ಮಾಡಿಸಿದರೆ ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ‘ನಿನಗೇನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ’ ಎಂಬ ಮಾತು ಕೇಳಿಕೊಂಡು ರೋಗಿ ಮನೆಗೆ ಬರುತ್ತಾನೆ; ನೋವೂ ಅವನೊಡನೆಯೇ ಬರುತ್ತದೆ. ಅಂಗದ ರಚನೆ ಸರಿಯಾಗಿದ್ದು ಅದರ ಕೆಲಸ ಮಾತ್ರ ಏರುಪೇರಾಗುವ ಇಂಥ ಕಾಯಿಲೆಗಳನ್ನು ಕ್ರಿಯಾತ್ಮಕ ಜೀರ್ಣಾಂಗ ತೊಂದರೆಗಳು ಎನ್ನುತ್ತಾರೆ. ಇವು ನಿಜವಾದ ಕಾಯಿಲೆಗಳೇ ಎಂದು ವಿಜ್ಞಾನ ಒಪ್ಪಿಕೊಂಡ ಬಗೆಯನ್ನು ಇಲ್ಲಿ ನೋಡೋಣ.

ನಂಜನಗೂಡು ತಾಲ್ಲೂಕಿನ ಹೆಡತಲೆ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿರುವ ಊರು. ಈ ಸೀಮೆಯವರು ಕಾಯಿಲೆ ಬಿದ್ದಾಗ ಹರಕೆ ಹೊರುವುದು ಕಪಿಲಾ ತೀರದ ನಂಜುಂಡೇಶ್ವರನಿಗೆ. ಟಿಪ್ಪು ಸುಲ್ತಾನನ ಆನೆಗೆ ಹೋಗಿದ್ದ ಕಣ್ಣು ಮರಳಿ ಬಂದುದರಿಂದ ಈ ದೇವರಿಗೆ ‘ಹಕೀಂ ನಂಜುಂಡ’ ಎಂಬ ಹೆಸರಾಯಿತೆಂದು ಐತಿಹ್ಯವಿದೆ. ಹರಕೆಯ ಜೊತೆಗೆ ಮನೆಮದ್ದೂ ಇತ್ತು: ಓಂಕಾಳು, ಇಂಗು, ನೀರು ಮಜ್ಜಿಗೆ. ಇದರ ಹಿಂದೆ ದೀರ್ಘ ಪರಂಪರೆಯಿದೆ. ಚರಕಸಂಹಿತೆಯಲ್ಲಿ ‘ಗ್ರಹಣಿ’ ಎಂಬ ರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಅಲ್ಲಿ ಮಜ್ಜಿಗೆಯನ್ನು ಔಷಧವೆಂದು ಹೇಳಲಾಗಿದೆ. ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ರಚಿಸಿದನು. ಹಳೆಯ ವೈದ್ಯರಿಗೆ ಕರುಳಿನ ಒಳಗನ್ನು ನೋಡುವ ಸಾಧನವಿರಲಿಲ್ಲ. ಆದ್ದರಿಂದ ಅವರು ರೋಗಿ ಹೇಳಿದ್ದನ್ನೇ ಮುಖ್ಯವಾಗಿ ನಂಬಿದರು.

ಒಳಗನ್ನು ನೋಡುವ ಸಾಧನ ಬಂದುದು ಸೂಕ್ಷ್ಮದರ್ಶಕದಿಂದ. ಹಾಲೆಂಡಿನ ಲೀವೆನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಕೊಳೆಯಲ್ಲಿ ಚಲಿಸುವ ಜೀವಿಗಳನ್ನು ಕಂಡು ಬರೆದನು. 1885ರಲ್ಲಿ ಮಕ್ಕಳ ವೈದ್ಯ ಥಿಯೊಡೋರ್ ಎಶರಿಕ್ ಶಿಶುಗಳ ಮಲದಲ್ಲಿದ್ದ ಬ್ಯಾಕ್ಟೀರಿಯವೊಂದನ್ನು ವರ್ಣಿಸಿದನು. ಅದೇ ಇಂದಿನ ಇ. ಕೋಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್, ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ 1908ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವನು. ಹುಳಿಸಿದ ಹಾಲಿನ ಬ್ಯಾಕ್ಟೀರಿಯಗಳು ಕರುಳಿನ ಕೆಟ್ಟ ಜೀವಿಗಳನ್ನು ತಡೆದು ಆಯುಸ್ಸನ್ನು ಹೆಚ್ಚಿಸುತ್ತವೆಂದು ಆತ ಸಾರಿದನು. ಆಯುಸ್ಸಿನ ಮಾತು ಸಿದ್ಧವಾಗಲಿಲ್ಲ. ಆದರೆ ಕರುಳಿನ ಜೀವಿಗಳಿಗೂ ನಮ್ಮ ಆರೋಗ್ಯಕ್ಕೂ ಸಂಬಂಧವಿದೆ ಎಂಬ ಮಾತು ಉಳಿಯಿತು. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆಯೆಂದೂ, ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆಯೆಂದೂ 2016ರಲ್ಲಿ ಅಂದಾಜು ಮಾಡಲಾಯಿತು.

ಇತ್ತ ವೈದ್ಯರು ರೋಗಲಕ್ಷಣಗಳಿಗೂ ಮತ್ತೆ ಬೆಲೆ ಕೊಡತೊಡಗಿದರು. 1978ರಲ್ಲಿ ಇಂಗ್ಲೆಂಡಿನ ಮ್ಯಾನಿಂಗ್ ಮತ್ತು ಸಂಗಡಿಗರು, ಇರಿಟೆಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆಯನ್ನು ಗುರುತಿಸಲು ಲಕ್ಷಣಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅನಂತರ ರೂಪುಗೊಂಡ ‘ರೋಮ್ ಮಾನದಂಡ’ಗಳ ನಾಲ್ಕನೆಯ ಆವೃತ್ತಿಯು 2016ರಲ್ಲಿ ಇವನ್ನು ‘ಕರುಳು–ಮಿದುಳು ಸಂವಹನದ ತೊಂದರೆಗಳು’ ಎಂದು ಕರೆಯಿತು.

ಇದಕ್ಕೆ ಬಲವಾದ ಸಾಕ್ಷ್ಯ ದೊರೆತುದು ಒಂದು ದುರಂತದಿಂದ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಪಟ್ಟಣದ ಕುಡಿಯುವ ನೀರು ಬ್ಯಾಕ್ಟೀರಿಯಗಳಿಂದ ಕಲುಷಿತವಾಗಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಏಳು ಮಂದಿ ಸತ್ತರು. ಎರಡು ಮೂರು ವರ್ಷಗಳ ತರುವಾಯ ವೈದ್ಯರು ಅಲ್ಲಿನ ಜನರನ್ನು ಪರಿಶೀಲಿಸಿದರು. ಅಂದು ಕಾಯಿಲೆ ಬೀಳದವರಲ್ಲಿ ಶೇ. 10ರಷ್ಟು ಮಂದಿಗೆ ಕೆರಳುವ ಕರುಳಿನ ಲಕ್ಷಣಗಳಿದ್ದರೆ, ವೈದ್ಯಕೀಯ ಆಧಾರಗಳಿಂದ ಕಾಯಿಲೆ ಬಿದ್ದರೆಂದು ಗುರುತಿಸಲಾಗಿದ್ದವರಲ್ಲಿ ಶೇ. 36ರಷ್ಟು ಮಂದಿಗೆ ಇದ್ದವು. ಸೋಂಕು ಹೋದರೂ ಕರುಳು ಅದನ್ನು ಮರೆತಿರಲಿಲ್ಲ. ಇದನ್ನು ಬರಿಯ ಭ್ರಮೆ ಎನ್ನುವುದು ಹೇಗೆ?

ಹಾಗಾದರೆ ಒಂದು ಹನಿ ರಕ್ತದಿಂದ ಇದನ್ನು ಪತ್ತೆ ಮಾಡಬಹುದಲ್ಲವೇ ಎಂದು ನೀವು ಕೇಳಬಹುದು. ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಸಿ-ರಿಯಾಕ್ಟಿವ್ ಪ್ರೋಟೀನ್ 1930ರಲ್ಲಿಯೇ ಪತ್ತೆಯಾಯಿತು. ಗೋಧಿ ಸೇರದ ಸೀಲಿಯಾಕ್ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯದ ಗುರಿ ಯಾವುದೆಂಬುದು 1997ರಲ್ಲಿ ತಿಳಿಯಿತು. ಆದರೆ ಇವು ಬೇರೆ ರೋಗಗಳಿಲ್ಲವೆಂದು ತಿಳಿಯಲು ನೆರವಾಗುವ ಗುರುತುಗಳು. 2015ರಲ್ಲಿ ಅಮೆರಿಕದ ಸಂಶೋಧಕರು, ಸೋಂಕಿನ ನಂತರ ಹುಟ್ಟುವ ಎರಡು ಪ್ರತಿಕಾಯಗಳನ್ನು ಅಳೆದು, ಭೇದಿಯ ಲಕ್ಷಣವುಳ್ಳ ಕೆರಳುವ ಕರುಳನ್ನು ಗುರುತಿಸುವ ಯತ್ನ ಮಾಡಿದರು. ಪ್ರತಿಕಾಯ ಹೆಚ್ಚಿದ್ದರೆ ರೋಗದ ಊಹೆಗೆ ಬಲ ಬರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು ಹೆಚ್ಚಿರಲೇ ಇಲ್ಲ. ಆದ್ದರಿಂದ ರಕ್ತದ ವರದಿ ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವುದೇ ಇಂದಿಗೂ ಮೊದಲ ಪರೀಕ್ಷೆ.

ವಿದ್ಯಾರ್ಥಿಗಳು ಎರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಇವುಗಳಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಎರಡನೆಯದಾಗಿ, ಹೊಟ್ಟೆನೋವೆಂದು ಪದೇ ಪದೇ ತರಗತಿ ತಪ್ಪಿಸಿಕೊಳ್ಳುವ ಗೆಳೆಯನನ್ನೋ ಗೆಳತಿಯನ್ನೋ ಕಳ್ಳನೆಪ ಹೇಳುವವರೆಂದು ಹಂಗಿಸಬಾರದು. ಅವರ ನೋವು ಯಾವ ವರದಿಯಲ್ಲಿಯೂ ಕಾಣದಿರಬಹುದು. ಆದರೂ ಅದು ನಿಜವೇ.