ಕಡಲು ದಾಟಿ ಬಂದ ಬೆಳ್ಳಿ ಮತ್ತು ಬ್ರಹ್ಮಗಿರಿಯ ಕಾಲನಿರ್ಣಯ

ಚಿತ್ರದುರ್ಗದಿಂದ ಚಳ್ಳಕೆರೆಯ ಮಾರ್ಗವಾಗಿ ಮೊಳಕಾಲ್ಮೂರು ಸೀಮೆಯನ್ನು ಪ್ರವೇಶಿಸುವವರಿಗೆ ಸಮುದ್ರದ ನೆನಪು ಬರುವುದು ಅಪೂರ್ವ. ಆದರೆ ಮಳೆ ಕಡಮೆಯಾದ ಈ ಒಳನಾಡಿನ ಪ್ರಾಚೀನ ಇತಿಹಾಸದ ಕಾಲಗಣನೆಯು ಒಂದು ಕಾಲದಲ್ಲಿ ಬಹುಮಟ್ಟಿಗೆ ಕಡಲ ವ್ಯಾಪಾರದ ಕುರುಹುಗಳನ್ನೇ ಆಧರಿಸಿ ನಿಂತಿತ್ತು. ಆ ಆಧಾರದ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಿಂದ ಇಸಿಲ ಎಂಬ ಪಟ್ಟಣದ ಹೆಸರು ವಿದಿತವಾಯಿತು. ಡಾ. ಎಂ. ಎಚ್. ಕೃಷ್ಣ ಅವರ ಉತ್ಖನನಗಳ ತರುವಾಯ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಗೆದರು. ಬ್ರಹ್ಮಗಿರಿಯಲ್ಲಿ ಅವರು ಕಂಡ ಸಂಸ್ಕೃತಿಗಳು ಮೂರು: ಕೆಳಗೆ ಕಲ್ಗೊಡಲಿಯದು, ಅದರ ಮೇಲೆ ಬೃಹತ್ ಶಿಲಾಗೋರಿಗಳದು, ಎಲ್ಲಕ್ಕೂ ಮೇಲೆ ಸಾತವಾಹನರ ಕಾಲದ್ದು.

ಈ ಸ್ತರಗಳಿಗೆ ವರ್ಷಗಳನ್ನು ನಿಗದಿಪಡಿಸಿದ ಬಗೆ ಹೇಗೆ? ಮೇಲಿನ ಸ್ತರದಲ್ಲಿ ಹಲ್ಲುಚಕ್ರದ ಗೀರುಗಳುಳ್ಳ ಮಡಕೆಯ ಚೂರುಗಳು ದೊರೆತವು. ಇದೇ ಜಾತಿಯ ಮಡಕೆ 1945ರಲ್ಲಿ ಪುದುಚ್ಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಪಾತ್ರೆಗಳ ನೆರೆಯಲ್ಲಿ ಕಂಡುಬಂದಿತ್ತು. ಚಂದ್ರವಳ್ಳಿಯಲ್ಲಿ ದೊರೆತ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಗಳು ಈ ಊಹೆಗೆ ಒತ್ತಾಸೆಯಾದವು. ಹೀಗೆ ಮೇಲಿನ ಸ್ತರ ಕ್ರಿ. ಶ. ಒಂದನೆಯ ಶತಮಾನಕ್ಕೆ ಸಂದಿತು. ಕೆಳಗಿನವುಗಳ ಕಾಲವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ, ಕಲ್ಗೊಡಲಿಯ ಸಂಸ್ಕೃತಿಯ ಆರಂಭವನ್ನು ಕ್ರಿ. ಪೂ. ಸುಮಾರು 1000ಕ್ಕೆ ಇರಿಸಲಾಯಿತು.

ನಾಣ್ಯದ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಟೈಬೀರಿಯಸನ ಆಳಿಕೆ ಕ್ರಿ. ಶ. 14ರಿಂದ 37ರವರೆಗೆ. ಅವನ ದಿನಾರಿ ದೊರೆತ ಸ್ತರ ಅದಕ್ಕಿಂತ ಹಿಂದಿನದಲ್ಲವೆನ್ನಬಹುದು. ಎಷ್ಟು ಮುಂದಿನದೆಂದು ಹೇಳಲಾಗದು. ಒಳ್ಳೆಯ ಬೆಳ್ಳಿ ತಲೆಮಾರುಗಳ ಕಾಲ ಕೈಯಿಂದ ಕೈಗೆ ಸಾಗುತ್ತದೆ. ಮುಳುಗಿದ ಹಡಗಿನ ಬೆಳ್ಳಿಯ ಸ್ಥಿತಿ ಬೇರೆ. ಅಮೆರಿಕಾದ ಗಣಿಗಳ ಬೆಳ್ಳಿಯನ್ನು ಹೊತ್ತ ಸ್ಪೇನಿನ ಆಟೋಚ ಎಂಬ ಹಡಗು 1622ರಲ್ಲಿ ಫ್ಲಾರಿಡಾದ ಬಳಿ ಮುಳುಗಿತು. ಅದರ ಮುಖ್ಯ ನಿಧಿ 1985ರಲ್ಲಿ ಸಿಕ್ಕಿತು. ಆ ಹಡಗಿನ ಸರಕಿನಲ್ಲಿ 1622ರ ಅನಂತರದ್ದು ಯಾವುದೂ ಇರಲಾರದು. ಕಡಲು ಹಾಕಿದಂಥ ಮುದ್ರೆಯನ್ನು ನೆಲ ಹಾಕುವುದಿಲ್ಲ.

ಬ್ರಹ್ಮಗಿರಿಯ ಗಣನೆಯೂ ಮುಂದೆ ತಿದ್ದುಪಡಿಗೆ ಒಳಗಾಯಿತು. ಉಟ್ನೂರು ಮೊದಲಾದೆಡೆಗಳ ಇಂಗಾಲ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು; ಗೀರುಮಡಕೆಯ ಆರಂಭವೂ ಹಿಂದಕ್ಕೆ ಸರಿಯಿತು. ತಿದ್ದಲು ಸಾಧ್ಯವಾದದ್ದು, ಯಾವ ವಸ್ತು ಯಾವ ಸ್ತರದಲ್ಲಿತ್ತೆಂಬುದನ್ನು ವ್ಹೀಲರ್ ಅವರು ಕ್ರಮವಾಗಿ ದಾಖಲಿಸಿದ್ದುದರಿಂದ.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತವು. ರಾಶಿ ದೊಡ್ಡದು; ಆದರೆ ಸುತ್ತಲಿನ ವಸತಿಯ ಸ್ತರಗಳನ್ನು ಅದು ನಮಗೆ ತೋರಿಸಿಕೊಡಲಿಲ್ಲ. 1878ರ ನಿಧಿ ಕಾಯಿದೆ ಮಣ್ಣಿನಲ್ಲಿ ಅಡಗಿದ ಬೆಲೆಯುಳ್ಳ ವಸ್ತುವನ್ನು ನಿಧಿಯೆಂದಿತು. ಇತಿಹಾಸಕ್ಕಾದರೋ ಬೆಲೆ ಇರುವುದು ವಸ್ತು ಬಿದ್ದಿದ್ದ ನೆಲೆಯಲ್ಲಿ. ಮೊಳಕಾಲ್ಮೂರಿನ ಹೊಲಗಳಲ್ಲಿ ಸಿಕ್ಕುವ ಒಂದೇ ಒಂದು ಬಿಲ್ಲೆಯಾದರೂ ಅಕ್ಕಸಾಲೆಯ ಮೂಸೆಯನ್ನು ಸೇರಿದರೆ ನಷ್ಟವಾಗುವುದು ಗುಲಗಂಜಿ ತೂಕದ ಬೆಳ್ಳಿಯಲ್ಲ, ಈ ನಾಡಿನ ಕಾಲವನ್ನು ಅಳೆಯುವ ಒಂದು ಸಾಧನ.